ರಕ್ತದ ಕಾಗದ ಯಾರ ಕೈಯಲ್ಲಿರಬೇಕು?

ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಬೇನೆಗೆ ಇಂದು ಮದ್ದಿದೆ. ಆ ಮದ್ದು ಸರ್ಕಾರದ ಯೋಜನೆಯಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಹನ್ನೆರಡು ವಾರ ತಪ್ಪದೆ ಗುಳಿಗೆ ನುಂಗಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಈ ಮೂರು ಮಾತುಗಳೂ ನಿಜ. ಮೂರನ್ನೂ ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ನಾಲ್ಕನೆಯ ಮಾತೊಂದು ಉಳಿದಿದೆ. ಗುಣವಾಯಿತೆಂದು ದುಡಿಯುವ ಮನುಷ್ಯನಿಗೆ ಯಾರು ಹೇಳಬೇಕು? ಯಾವ ಕಾಗದವನ್ನು ನೋಡಿ ಹೇಳಬೇಕು? ಹೇಳಿಯಾದ ಮೇಲೆ ಆ ಕಾಗದ ಯಾರ ಪೆಟ್ಟಿಗೆಯಲ್ಲಿ ಉಳಿಯಬೇಕು? ಈ ವಾರ ನಾವು ಎತ್ತಿಕೊಂಡಿರುವುದು ಈ ನಾಲ್ಕನೆಯ ಮಾತನ್ನು.

ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಬೋನಸ್ಸಿನ ಅರ್ಜಿ, ಮನೆಬಾಡಿಗೆಯ ತಕರಾರು ಬರೆಸಲು ನಮ್ಮ ಕಚೇರಿಗೆ ಬರುವ ಬಂಧುಗಳು ಈಚೆಗೆ ಜೇಬಿನಿಂದ ಲ್ಯಾಬೊರೇಟರಿಯ ಕಾಗದಗಳನ್ನೂ ತೆಗೆಯುತ್ತಾರೆ. ಕಾಗದವೆಲ್ಲ ಇಂಗ್ಲಿಷು. ಕೆಲವು ಅಂಕಿ ದಪ್ಪಕ್ಷರದಲ್ಲಿ, ಕೆಲವಕ್ಕೆ ಪಕ್ಕದಲ್ಲಿ ಚುಕ್ಕೆ. ಸ್ಪಿನ್ನಿಂಗ್ ಖಾತೆಯ ಒಬ್ಬ ಕೆಲಸಗಾರರು ಗುಳಿಗೆ ಮುಗಿಸಿ ಎಂಟು ತಿಂಗಳಾದ ಮೇಲೆ ಒಂದು ಖಾಸಗಿ ಲ್ಯಾಬಿನಲ್ಲಿ ಕೈಯಿಂದ ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಂಡರು. ಅದರಲ್ಲಿ ‘ರಿಯಾಕ್ಟಿವ್’ ಎಂದಿರುವುದನ್ನು ಯಾರಿಂದಲೋ ಓದಿಸಿಕೊಂಡು, ರೋಗ ತಿರುಗಿ ಬಂತೆಂದು ತಿಂಗಳುಗಟ್ಟಲೆ ಮನೆಯಲ್ಲಿ ಬೇರೆ ತಟ್ಟೆಯಲ್ಲಿ ಉಂಡರು, ಮಗಳ ಮದುವೆಯ ಮಾತುಕತೆಯನ್ನು ಮುಂದಕ್ಕೆ ಹಾಕಿದರು. ಅವರ ರೋಗ ತಿರುಗಿ ಬಂದಿರಲಿಲ್ಲ. ಆ ಕಾಗದ ಹೇಳಿದ್ದೇ ಬೇರೆ ಸಂಗತಿ. ಬಿಡಿಸಿ ಹೇಳುವವರು ದಾರಿಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ, ಅಷ್ಟೆ.

ನಾವು ಡಾಕ್ಟರಲ್ಲ, ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು. ಯಾವ ಗುಳಿಗೆ, ಎಷ್ಟು ದಿನ ಎಂಬುದು ಡಾಕ್ಟರ ಕೆಲಸ, ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಕಾಗದದ ಮೇಲಿರುವುದು ಅಂಕಿ. ಅಂಕಿ ಓದುವುದು ಕಿರ್ದಿ ಬರೆಯುವ ಅಂಗಡಿಯವರಿಗೂ ಬರುತ್ತದೆ, ಪಗಾರದ ಚೀಟಿಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಮುಕಾದಮನನ್ನು ನಿಲ್ಲಿಸಿ ಕೇಳುವ ಕೆಲಸಗಾರರಿಗೂ ಬರುತ್ತದೆ. ರಕ್ತದ ಅಂಕಿಯನ್ನು ಮಾತ್ರ ಓದಲಾರರೆಂದು ತೀರ್ಮಾನಿಸಿದವರಾರು?

ಮೊದಲು ರೋಗದ ವಿಚಾರ. ಈ ವೈರಸ್ಸನ್ನು ಗುರುತಿಸಿದ್ದು ೧೯೮೯ರಲ್ಲಿ. ಅದಕ್ಕೆ ಮುಂಚೆ ಡಾಕ್ಟರುಗಳು ಇದನ್ನು ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್ ಎಂದೇ ಕರೆಯುತ್ತಿದ್ದರು. ಹೆಸರು ಗೊತ್ತಿಲ್ಲದವನನ್ನು ‘ಆ ಭೀಮಪ್ಪನೂ ಅಲ್ಲ, ಈ ರಾಮಪ್ಪನೂ ಅಲ್ಲ’ ಎಂದ ಹಾಗೆ. ಶೋಧದ ಕೆಲಸಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ ೨೦೨೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದು ರಕ್ತದಿಂದ ರಕ್ತಕ್ಕೆ ಹರಡುವ ರೋಗ: ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ಸರಿಯಾಗಿ ಶುದ್ಧಿ ಮಾಡದ ಉಪಕರಣ, ರಕ್ತನಿಧಿಗಳಲ್ಲಿ ಪರೀಕ್ಷೆ ಕಡ್ಡಾಯವಾಗುವುದಕ್ಕೆ ಮುಂಚೆ ಪಡೆದ ರಕ್ತ, ಹಚ್ಚೆಯ ಸೂಜಿ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ನಲ್ಲಿಯ ನೀರು ಕುಡಿದರೆ, ಪಕ್ಕದಲ್ಲಿ ನಿಂತು ಸಾಂಚಾ ನಡೆಸಿದರೆ ಬರುವುದಿಲ್ಲ. ಬಹಳ ಮಂದಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕುಳಿತು ಯಕೃತ್ತಿನಲ್ಲಿ ಗಾಯದ ಕಲೆಗಳನ್ನು ಬೆಳೆಸಿ ಅದನ್ನು ಗಟ್ಟಿಗಟ್ಟಿಸುತ್ತದೆ; ಕೆಲವರಲ್ಲಿ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಹೊರಗೆ ಕಾಣಿಸದ ರೋಗವಾದುದರಿಂದಲೇ ಇದರ ಇಡೀ ವ್ಯವಹಾರ ರಕ್ತದ ಕಾಗದದ ಮೇಲೆ ನಿಂತಿದೆ. ಕಣ್ಣು ಬೆಳ್ಳಗಾಯಿತು, ನೆಲನೆಲ್ಲಿಯ ರಸದಿಂದ ವಾಸಿಯಾಯಿತು ಎನ್ನುವವರ ಮಾತು ಈ ರೋಗದಲ್ಲಿ ಕವಡೆಯ ಬೆಲೆಯದಲ್ಲ.

ಹಿಂದೆ ಚಿಕಿತ್ಸೆಯೇ ಒಂದು ಯಾತನೆಯಾಗಿತ್ತು. ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ನು, ಜೊತೆಗೆ ರಿಬಾವಿರಿನ್ ಗುಳಿಗೆ. ವೈರಸ್ಸಿನ ಜಾತಿ ನೋಡಿ ೨೪ ವಾರ ಅಥವಾ ೪೮ ವಾರ. ಜ್ವರ, ಮೈಕೈ ನೋವು, ಮನಸ್ಸು ಕುಗ್ಗಿಹೋಗುವುದು. ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೀಮೋಗ್ಲೋಬಿನ್ ೧೦ಕ್ಕಿಂತ ಕೆಳಗೆ ಬಂದರೆ ಆ ಗುಳಿಗೆ ಕಡಿಮೆ ಮಾಡಬೇಕು, ೮.೫ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಬೇಕು. ಹನ್ನೆರಡನೆಯ ವಾರದಲ್ಲಿ ವೈರಸ್ಸಿನ ಸಂಖ್ಯೆ ಮೊದಲಿದ್ದುದರ ನೂರರಲ್ಲೊಂದು ಪಾಲಿಗೆ ಇಳಿಯದಿದ್ದರೆ ಚಿಕಿತ್ಸೆಯನ್ನೇ ಕೈಬಿಡುತ್ತಿದ್ದರು. ಆದುದರಿಂದ ಪದೇ ಪದೇ ರಕ್ತ ಕೊಡಬೇಕಾಗಿತ್ತು. ಒಂದೊಂದು ಅಂಕಿಯೂ ಆ ವಾರದ ತೀರ್ಪು. ಇಷ್ಟೆಲ್ಲ ಪಟ್ಟರೂ ಗುಣವಾಗುತ್ತಿದ್ದವರು ಹೆಚ್ಚು ಕಡಿಮೆ ಅರ್ಧದಷ್ಟು. ಉಳ್ಳವರ ಚಿಕಿತ್ಸೆ ಅದು. ಗಿರಣಿಯವರು ಅದರ ಹೆಸರು ಕೇಳಿದ್ದೂ ಅಪರೂಪ.

೨೦೧೩ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಗುಳಿಗೆಗೆ ಮಂಜೂರಾತಿ ಸಿಕ್ಕಿತು. ಹನ್ನೆರಡು ವಾರಕ್ಕೆ ೮೪ ಗುಳಿಗೆ. ಬೆಲೆ ೮೪,೦೦೦ ಡಾಲರು. ಗುಳಿಗೆಯೊಂದಕ್ಕೆ ಒಂದು ಸಾವಿರ ಡಾಲರು! ಲಾಭಕ್ಕೆ ಮಿತಿಯಿಲ್ಲವೆಂಬುದನ್ನು ನಾವು ಭಾಷಣ ಮಾಡಿ ತೋರಿಸಬೇಕಾಗಿಲ್ಲ, ಈ ಒಂದು ಅಂಕಿ ಸಾಕು. ಏಕೆಂದರೆ ೨೦೧೪ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಲೈಸೆನ್ಸು ಸಿಕ್ಕ ಮೇಲೆ, ೨೦೧೫ರಲ್ಲಿ ಅದೇ ಗುಳಿಗೆ ಇಲ್ಲಿ ಸುಮಾರು ನೂರರಲ್ಲೊಂದು ಪಾಲು ಬೆಲೆಗೆ ಬಂದಿತು. ಆಮೇಲೆ ಇನ್ನೂ ಇಳಿಯಿತು. ೨೦೧೬ರ ಜೂನಿನಲ್ಲಿ ಪಂಜಾಬ್ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿತು. ಚಂಡೀಗಢದ ದೊಡ್ಡ ಸಂಸ್ಥೆಯ ತಜ್ಞರು ಜಿಲ್ಲೆಯ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. ರೋಗಿ ಚಂಡೀಗಢಕ್ಕೆ ಅಲೆಯಲಿಲ್ಲ. ೨೦೧೮ರ ಜುಲೈ ೨೮ರಂದು ಇಡೀ ದೇಶಕ್ಕೆ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂದಿತು. ಮದ್ದೂ ಪುಕ್ಕಟೆ, ಪರೀಕ್ಷೆಯೂ ಪುಕ್ಕಟೆ. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನುವುದಕ್ಕೆ ನಮಗೆ ಸಂಕೋಚವಿಲ್ಲ.

ಈ ಹೊಸ ಗುಳಿಗೆಗಳು ಬಹಳ ಮಟ್ಟಿಗೆ ಸೌಮ್ಯ. ಆದ್ದರಿಂದ ನಡುನಡುವೆ ರಕ್ತ ತೆಗೆಯುವ ಅಗತ್ಯವೇ ಇದೆಯೆ ಎಂದು ಕೆಲವರು ಪ್ರಶ್ನಿಸಿದರು. ಬ್ರೆಜಿಲ್, ದಕ್ಷಿಣ ಆಫ್ರಿಕ, ಥಾಯ್ಲೆಂಡ್, ಉಗಾಂಡ, ಅಮೆರಿಕ ಈ ಐದು ದೇಶಗಳಲ್ಲಿ ಸುಮಾರು ೪೦೦ ಮಂದಿಯ ಮೇಲೆ ಒಂದು ಪ್ರಯೋಗ ನಡೆದು ೨೦೨೨ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ೮೪ ಗುಳಿಗೆಗಳನ್ನೂ ಮೊದಲ ದಿನವೇ ಕೈಗೆ ಕೊಟ್ಟು ಕಳಿಸಿದರು. ಗುಳಿಗೆ ನುಂಗುವ ಮೂರು ತಿಂಗಳಲ್ಲಿ ನಿಗದಿಯಾದ ರಕ್ತಪರೀಕ್ಷೆ ಒಂದೂ ಇಲ್ಲ, ಆಸ್ಪತ್ರೆಗೆ ಬರುವುದೂ ಇಲ್ಲ. ದೂರದಿಂದ ಎರಡು ಸಲ ವಿಚಾರಿಸಿದರು. ನೂರಕ್ಕೆ ೯೫ ಮಂದಿ ಗುಣವಾದರು. ಯಕೃತ್ತು ಪೂರಾ ಸೋತವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಇದರಿಂದ ನಮಗೆ ತಿಳಿಯಬೇಕಾದದ್ದು ಇಷ್ಟು: ನಡುವಿನ ಪರೀಕ್ಷೆಗಳನ್ನೆಲ್ಲ ಕೈಬಿಟ್ಟ ಆ ಪಂಡಿತರೂ ಎರಡನ್ನು ಕೈಬಿಡಲಿಲ್ಲ. ಗುಳಿಗೆಗೆ ಮುಂಚಿನದು ಒಂದು, ಗುಳಿಗೆ ಮುಗಿದು ತಿಂಗಳುಗಳಾದ ಮೇಲಿನದು ಒಂದು. ನಮ್ಮ ಊರುಗಳಲ್ಲಿ ಕಳೆದುಹೋಗುವುದು ನೋಡಿದರೆ ಈ ಎರಡೇ!

ಮುಂಚಿನ ಕಾಗದವನ್ನು ಬಿಚ್ಚೋಣ. ಅದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿರುತ್ತವೆ; ಗೊಂದಲವೆಲ್ಲ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಒಂದು ಆಂಟಿಬಾಡಿ ಪರೀಕ್ಷೆ. ವೈರಸ್ಸು ಯಾವಾಗಲೋ ಒಮ್ಮೆ ಮೈಯೊಳಗೆ ಬಂದಿತ್ತು, ಮೈ ಅದರ ವಿರುದ್ಧ ಎದ್ದು ನಿಂತಿತ್ತು ಎಂಬುದಕ್ಕೆ ಇದು ಸಾಕ್ಷಿ. ಅಂಗಡಿಗೆ ಕಳ್ಳ ನುಗ್ಗಿದ್ದನೆಂದು ಠಾಣೆಯ ಪುಸ್ತಕದಲ್ಲಿ ಬರೆದ ಹಾಗೆ. ಕಳ್ಳ ಊರು ಬಿಟ್ಟು ಹೋದರೂ ಬರೆದದ್ದು ಅಳಿಯುವುದಿಲ್ಲ. ನೂರಕ್ಕೆ ಸುಮಾರು ೩೦ ಮಂದಿಯಲ್ಲಿ ವೈರಸ್ಸು ಮದ್ದಿಲ್ಲದೆ ತಾನಾಗಿಯೇ ಹೋಗಿಬಿಡುತ್ತದೆ; ಅವರ ಕಾಗದದಲ್ಲೂ ‘ರಿಯಾಕ್ಟಿವ್’ ಎಂದೇ ಇರುತ್ತದೆ. ಮದ್ದಿನಿಂದ ಗುಣವಾದವರಲ್ಲೂ ಈ ಗುರುತು ವರ್ಷಾನುಗಟ್ಟಲೆ, ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ನಮ್ಮ ಸ್ಪಿನ್ನಿಂಗ್ ಖಾತೆಯ ಬಂಧುವನ್ನು ಬೇರೆ ತಟ್ಟೆಗೆ ಕೂರಿಸಿದ್ದು ಈ ಪರೀಕ್ಷೆ.

ಇನ್ನೊಂದು ಆರ್.ಎನ್.ಎ. ಪರೀಕ್ಷೆ, ವೈರಲ್ ಲೋಡ್ ಎಂದೂ ಬರೆಯುತ್ತಾರೆ. ಕಳ್ಳ ಈಗ ಅಂಗಡಿಯಲ್ಲಿದ್ದಾನೆಯೇ ಎಂದು ಬಾಗಿಲು ತೆಗೆದು ನೋಡುವುದು ಇದೇ. ಒಂದು ಮಿಲಿಲೀಟರ್ ರಕ್ತಕ್ಕೆ ಇಷ್ಟು ಎಂದು ಅಂಕಿ ಬರುತ್ತದೆ. ಹತ್ತು ಲಕ್ಷ, ಇಪ್ಪತ್ತು ಲಕ್ಷ ಎಂದಿದ್ದರೆ ಹೌಹಾರಬೇಕಾಗಿಲ್ಲ, ಈ ರೋಗದಲ್ಲಿ ಅದು ಸಾಮಾನ್ಯ. ಅಂಕಿ ದೊಡ್ಡದಾದ ಮಾತ್ರಕ್ಕೆ ಯಕೃತ್ತು ಹೆಚ್ಚು ಕೆಟ್ಟಿದೆಯೆಂದಲ್ಲ, ಚಿಕ್ಕದಾದ ಮಾತ್ರಕ್ಕೆ ರೋಗ ಹಗುರವೆಂದೂ ಅಲ್ಲ. ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಕೆಲವು ಸಲ ಗುಳಿಗೆ ನುಂಗುವ ಕಾಲದಲ್ಲಿ ಮಾಡಿದ ಪರೀಕ್ಷೆಯಲ್ಲಿ, ವೈರಸ್ಸು ಕಂಡಿದೆ, ಆದರೆ ಅಳತೆಗೆ ಸಿಗದಷ್ಟು ಕಡಿಮೆ ಎಂಬ ಅರ್ಥದ ಒಕ್ಕಣೆ ಇರುತ್ತದೆ. ನಾಲ್ಕನೆಯ ವಾರದಲ್ಲಿ ಹೀಗೆ ಬಂದರೆ ಮದ್ದು ಸೋತಿತೆಂದು ಗುಳಿಗೆ ಬಿಡಬಾರದು. ಸಾಯುತ್ತಿರುವ ಬೆಂಕಿಯಲ್ಲಿ ಹೊಗೆ ಇದ್ದೇ ಇರುತ್ತದೆ.

ಮುಂಚಿನ ಕಾಗದದಲ್ಲೇ ಇನ್ನೂ ಮೂರು ಅಂಕಿಗಳಿರುತ್ತವೆ. ನಮ್ಮ ಲೇಖನದ ತಿರುಳು ಅಲ್ಲಿದೆ. ಎ.ಎಸ್.ಟಿ., ಎ.ಎಲ್.ಟಿ. ಎಂಬೆರಡು, ಹಳೆಯ ಕಾಗದಗಳಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂದಿರುತ್ತದೆ. ಯಕೃತ್ತಿನ ಕಣಗಳಿಗೆ ಪೆಟ್ಟು ಬಿದ್ದಾಗ ಇವು ರಕ್ತಕ್ಕೆ ಸೋರುತ್ತವೆ. ಮೂರನೆಯದು ಪ್ಲೇಟ್‌ಲೆಟ್ ಸಂಖ್ಯೆ. ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷ ಸಾಮಾನ್ಯ, ಯಕೃತ್ತು ಗಟ್ಟಿಯಾದಂತೆ ಇಳಿಯುತ್ತ ಬರುತ್ತದೆ. ಈ ಮೂರರ ಜೊತೆಗೆ ರೋಗಿಯ ವಯಸ್ಸನ್ನು ಸೇರಿಸಿ ಯಕೃತ್ತಿನ ಕಲೆ ಎಷ್ಟು ಬೆಳೆದಿದೆಯೆಂದು ಅಂದಾಜು ಮಾಡುವ ಒಂದು ಲೆಕ್ಕವಿದೆ. ಅದರ ಹೆಸರು ಫಿಬ್-೪. ದುಬಾರಿ ಯಂತ್ರ ಬೇಡ, ಕಾಗದ ಪೆನ್ಸಿಲು ಸಾಕು. ವಯಸ್ಸನ್ನು ಎ.ಎಸ್.ಟಿ.ಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎ.ಎಲ್.ಟಿ.ಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಒಂದು ಉದಾಹರಣೆ ಹಾಕೋಣ. ವಯಸ್ಸು ೪೮, ಎ.ಎಸ್.ಟಿ. ೯೦, ಗುಣಿಸಿದರೆ ೪೩೨೦. ಪ್ಲೇಟ್‌ಲೆಟ್ ೧,೨೦,೦೦೦, ಅಂದರೆ ೧೨೦, ಎ.ಎಲ್.ಟಿ. ೮೧, ಅದರ ವರ್ಗಮೂಲ ೯, ಗುಣಿಸಿದರೆ ೧೦೮೦. ೪೩೨೦ನ್ನು ೧೦೮೦ರಿಂದ ಭಾಗಿಸಿದರೆ ೪. ಸಾಮಾನ್ಯವಾಗಿ ೩.೨೫ಕ್ಕಿಂತ ಮೇಲಿದ್ದರೆ ಕಲೆ ಬಹಳ ಬೆಳೆದಿರಬಹುದೆಂದು ಡಾಕ್ಟರುಗಳು ಎಚ್ಚರಗೊಳ್ಳುತ್ತಾರೆ. ಇನ್ನೊಂದು: ವಯಸ್ಸು ೩೨, ಎ.ಎಸ್.ಟಿ. ೫೦; ಗುಣಲಬ್ಧ ೧೬೦೦. ಪ್ಲೇಟ್‌ಲೆಟ್ ಎರಡೂವರೆ ಲಕ್ಷ, ಎ.ಎಲ್.ಟಿ. ೬೪, ವರ್ಗಮೂಲ ೮. ೨೫೦ನ್ನು ೮ರಿಂದ ಗುಣಿಸಿದರೆ ೨೦೦೦. ಭಾಗಿಸಿದರೆ ೦.೮. ಇದು ೧.೪೫ಕ್ಕಿಂತ ಕೆಳಗಿರುವುದರಿಂದ ಸಮಾಧಾನದ ಅಂಕಿ. ಎಂಟನೆಯ ತರಗತಿಯ ಹುಡುಗ ಮಾಡುವ ಲೆಕ್ಕ ಇದು. ಅಂದಾಜೇ ಹೊರತು ತೀರ್ಪಲ್ಲ. ಆದರೆ ಯಾವ ಗುಳಿಗೆ, ಎಷ್ಟು ವಾರ ಎಂಬುದು ಬಹಳಮಟ್ಟಿಗೆ ಇಂಥ ಅಂಕಿಗಳ ಮೇಲೆ ನಿಲ್ಲುತ್ತದೆ.

ಈಗ ಗಮನವಿಟ್ಟು ಓದಬೇಕು. ಗುಳಿಗೆ ಆರಂಭವಾದ ಕೆಲವೇ ವಾರಗಳಲ್ಲಿ ಎ.ಎಸ್.ಟಿ., ಎ.ಎಲ್.ಟಿ. ಎರಡೂ ಇಳಿಯುತ್ತವೆ. ಪೆಟ್ಟು ಹಾಕುವವನು ನಿಂತ, ಸೋರುವುದು ನಿಂತಿತು. ಇದು ಸಂತೋಷದ ಸಂಗತಿ. ಆದರೆ ಮೇಲಿನ ಭಾಗಾಕಾರದಲ್ಲಿ ಈ ಹೊಸ ಅಂಕಿಗಳನ್ನು ಹಾಕಿ ನೋಡಿ: ಅದೇ ೪೮ ವರ್ಷದವನ ಎ.ಎಸ್.ಟಿ. ೩೦, ಎ.ಎಲ್.ಟಿ. ೨೫ ಆಗಿ, ಪ್ಲೇಟ್‌ಲೆಟ್ ಇದ್ದಲ್ಲೇ ಇದ್ದರೆ, ೧೪೪೦ನ್ನು ೬೦೦ರಿಂದ ಭಾಗಿಸಬೇಕು, ಬರುವುದು ೨.೪. ನಾಲ್ಕು ಇದ್ದದ್ದು ಎರಡೂ ಚಿಲ್ಲರೆಯಾಯಿತು. ಮೂರು ತಿಂಗಳಲ್ಲಿ ಯಕೃತ್ತಿನ ಕಲೆ ಹೋಗಿಬಿಟ್ಟಿತೆ? ಇಲ್ಲ. ಕಲೆ ಇದ್ದಲ್ಲೇ ಇದೆ. ಹೊಸ ಪೆಟ್ಟು ಮಾತ್ರ ನಿಂತಿದೆ. ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಮಟ್ಟ ಮುಟ್ಟಿದವರು ವೈರಸ್ಸು ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳುತ್ತಿರಬೇಕು, ಏಕೆಂದರೆ ಕ್ಯಾನ್ಸರಿನ ಭಯ ಕಡಿಮೆಯಾಗುತ್ತದೆಯೇ ವಿನಾ ಪೂರ್ತಿ ಹೋಗುವುದಿಲ್ಲ. ಈ ಮನುಷ್ಯ ಐದು ವರ್ಷ ಬಿಟ್ಟು ಬೇರೊಬ್ಬ ಡಾಕ್ಟರ ಮುಂದೆ ಕುಳಿತಾಗ, ಅವರಿಗೆ ಕಾಣುವುದು ಇಳಿದ ಅಂಕಿಗಳು. ‘ಎಲ್ಲ ಸರಿಯಿದೆ, ಹೋಗಿ ಬನ್ನಿ’ ಎಂದರೆ ಅವರ ತಪ್ಪಲ್ಲ. ನಾಲ್ಕು ಎಂದು ಹೇಳುವ ಕಾಗದ ಗುಳಿಗೆಗೆ ಮುಂಚಿನದೊಂದೇ. ಅದು ಕಳೆದರೆ ಮತ್ತೆ ಯಾವ ಲ್ಯಾಬೂ, ಎಷ್ಟು ಹಣ ಕೊಟ್ಟರೂ, ಆ ದಿನದ ರಕ್ತವನ್ನು ಪರೀಕ್ಷಿಸಿ ಕೊಡಲಾರದು.

ಆ ಕಾಗದ ಎಲ್ಲಿರುತ್ತದೆ? ಆಸ್ಪತ್ರೆಯ ಫೈಲಿನಲ್ಲಿ. ಗಿರಣಿ ಮುಚ್ಚಿ ಕೆಲಸಗಾರ ಬೇರೆ ಊರಿಗೆ ಹೋದರೆ ಫೈಲು ಅವನ ಹಿಂದೆ ಹೋಗುವುದಿಲ್ಲ. ಕಾಗದವನ್ನು ಕೇಳಿದರೆ ‘ನಿಮಗೆ ಏತಕ್ಕೆ, ನಮ್ಮಲ್ಲಿದೆ’ ಎಂಬ ಉತ್ತರ ಬಂದದ್ದನ್ನು ನಮ್ಮ ಓದುಗರಲ್ಲಿ ಹಲವರು ಹೇಳಿದ್ದಾರೆ. ಅಂಗಡಿಯವರನ್ನು ಕೇಳುತ್ತೇವೆ: ಸಗಟು ವ್ಯಾಪಾರಿಯು ‘ನಿಮ್ಮ ಲೆಕ್ಕ ನಮ್ಮ ಪುಸ್ತಕದಲ್ಲಿದೆ, ನಿಮಗೇಕೆ ರಸೀತಿ’ ಎಂದರೆ ನೀವು ಒಪ್ಪುತ್ತೀರಾ? ರಕ್ತ ನಮ್ಮ ಮೈಯದು. ರಸೀತಿಯೂ ನಮ್ಮ ಕೈಗೆ ಬರಬೇಕು.

ನಡುವಿನ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಕೃತ್ತು ಸೋತವರಿಗೆ, ಮೂತ್ರಪಿಂಡದ ತೊಂದರೆಯವರಿಗೆ, ಈಗಲೂ ಜೊತೆಗೆ ರಿಬಾವಿರಿನ್ ನುಂಗಬೇಕಾದವರಿಗೆ ಅವು ಬೇಕೇ ಬೇಕು. 'ಬಿ' ವೈರಸ್ಸೂ ಇದ್ದವರಲ್ಲಿ 'ಸಿ' ಹೋಗುವಾಗ 'ಬಿ' ಎದ್ದು ಕೂರುವ ಅಪಾಯವಿದೆ. ಆದ್ದರಿಂದ ಗುಳಿಗೆಗೆ ಮುಂಚೆ 'ಬಿ'ಗೂ ಪರೀಕ್ಷೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿರಿ. ಹೊಟ್ಟೆಯುರಿಗೆ ನುಂಗುವ ಗುಳಿಗೆ, ಹೃದಯದ ಗುಳಿಗೆ ಏನಿದ್ದರೂ ಡಾಕ್ಟರಿಗೆ ತೋರಿಸಿರಿ. ಕೆಲವು ಒಂದಕ್ಕೊಂದು ಆಗಿಬರುವುದಿಲ್ಲ.

ಇನ್ನು ಕೊನೆಯ ಕಾಗದ. ಗುಳಿಗೆ ಮುಗಿದ ದಿನದ ಪರೀಕ್ಷೆಯಲ್ಲಿ ವೈರಸ್ಸು ಕಾಣದಿದ್ದರೆ ಗುಣವಾಯಿತೆಂದು ಹಲವರು ಸಿಹಿ ಹಂಚುತ್ತಾರೆ. ಹಂಚಲಿ, ಬೇಡವೆನ್ನುವುದಿಲ್ಲ. ಆದರೆ ಅದು ತೀರ್ಪಲ್ಲ. ಕೆಲವರಲ್ಲಿ ಗುಳಿಗೆ ನಿಂತ ಕೆಲವು ವಾರಗಳಲ್ಲಿ ವೈರಸ್ಸು ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ಕೊನೆಯ ಗುಳಿಗೆಯಿಂದ ಹನ್ನೆರಡು ವಾರ ಎಣಿಸಿ, ಆಗ ಆರ್.ಎನ್.ಎ. ಪರೀಕ್ಷೆ ಮಾಡಬೇಕು. ಆಗ ‘ನಾಟ್ ಡಿಟೆಕ್ಟೆಡ್’ ಎಂದು ಬಂದರೆ ಗುಣವಾಯಿತೆಂದೇ ಅರ್ಥ. ಯುಗಾದಿಯ ದಿನ ಕೊನೆಯ ಗುಳಿಗೆ ನುಂಗಿದವರಿಗೆ, ನಡುವೆ ಅಧಿಕಮಾಸ ಬೀಳದ ವರ್ಷ, ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಈ ಪರೀಕ್ಷೆ.

ಆ ಹೊತ್ತಿಗೆ ಮನುಷ್ಯ ಆಸ್ಪತ್ರೆಯ ದಾರಿ ಮರೆತಿರುತ್ತಾನೆ. ಈಜಿಪ್ಟ್ ದೇಶ ೨೦೧೮-೧೯ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು ಐದು ಕೋಟಿ ಜನರನ್ನು ಪರೀಕ್ಷಿಸಿ ಜಗತ್ತೇ ಬೆರಗಾಗುವಂತೆ ಮಾಡಿತು; ಅಲ್ಲೂ ಕೊನೆಯ ಪರೀಕ್ಷೆಗೆ ಬಾರದವರು ಬಹಳ. ಪಂಜಾಬಿನಲ್ಲೂ ಇದೇ ಕಥೆ. ಜನರ ಅಜ್ಞಾನವೆಂದು ಮೇಲಿನವರು ಷರಾ ಬರೆಯುತ್ತಾರೆ. ನಾವು ಒಪ್ಪುವುದಿಲ್ಲ. ಗುಳಿಗೆಯ ಡಬ್ಬಿ ಕೈಗೆ ಬರುತ್ತಿದ್ದವರೆಗೆ ತಿಂಗಳಿಗೊಮ್ಮೆ ಹೋಗುವುದಕ್ಕೆ ಕಾರಣವಿತ್ತು. ಈಗ ಕೈಗೆ ಬರುವುದೇನೂ ಇಲ್ಲ, ಕೊಡಬೇಕಾದದ್ದು ಮಾತ್ರ ಇದೆ. ರಕ್ತ ಕೊಡಬೇಕು, ಒಂದು ದಿನದ ಪಗಾರ ಕೊಡಬೇಕು. ಲೆಕ್ಕ ಹಾಕಿರಿ: ಮೊದಲ ಪರೀಕ್ಷೆಗೆ ಒಂದು ದಿನ, ಅದರ ವರದಿಗೆ ಒಂದು ದಿನ, ಗುಳಿಗೆಗೆ ಮೂರು ದಿನ. ಐದು ದಿನದ ಕೂಲಿ ಆಗಲೇ ಹೋಗಿದೆ. ಮೈಯೂ ಹಗುರವಾಗಿದೆ. ಇನ್ನೂ ಎರಡು ದಿನ ಕಳೆದುಕೊಂಡು ಬಾ ಎಂದರೆ ಯಾರು ಬರುತ್ತಾರೆ? ಇ.ಎಸ್.ಐ. ಇದೆಯಲ್ಲ ಎನ್ನಬಹುದು. ಅದರ ಕಾಯಿಲೆ ಭತ್ಯೆ ಇರುವುದು ದುಡಿಯಲಾರನೆಂದು ಸರ್ಟಿಫಿಕೇಟು ಪಡೆದವನಿಗೆ. ಈ ರೋಗದವನು ದುಡಿಯಬಲ್ಲ, ದುಡಿಯುತ್ತಲೇ ಇದ್ದಾನೆ. ಅವನಿಗೆ ಬೇಕಾದದ್ದು ಹಾಸಿಗೆಯಲ್ಲ, ಒಂದು ಬೆಳಗಿನ ಎರಡು ಗಂಟೆ. ಬೀಡಾ ಅಂಗಡಿಯವರಿಗೆ, ತಳ್ಳುಗಾಡಿಯವರಿಗೆ ಆ ಭತ್ಯೆಯೂ ಇಲ್ಲ. ಬಾಗಿಲು ಹಾಕಿದ ದಿನ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ, ಮರುದಿನ ಅಲ್ಲೇ ನಿಲ್ಲುತ್ತಾನೆ.

ಕೊನೆಯ ಕಾಗದವಿಲ್ಲದವನ ಗತಿ ಏನು? ಉಳಿದ ಕೆಲವರಲ್ಲಿ ತಾನೂ ಒಬ್ಬನಾಗಿದ್ದರೆ ಅವನಿಗೆ ಗೊತ್ತಾಗುವುದಿಲ್ಲ. ಎರಡನೆಯ ಸಲ ಕೊಡುವ ಗುಳಿಗೆ ಇದ್ದೂ ಅವನಿಗೆ ದಕ್ಕುವುದಿಲ್ಲ. ಗುಣವಾಗಿದ್ದರೂ ಅವನ ಕೈಯಲ್ಲಿರುವುದು ‘ರಿಯಾಕ್ಟಿವ್’ ಎಂಬ ಹಳೆಯ ಕಾಗದವೊಂದೇ. ಹೊಸ ಕೆಲಸಕ್ಕೆ ಸೇರುವಾಗ ಕೆಲವು ಮಾಲೀಕರು ಮಾಡಿಸುವ ವೈದ್ಯ ಪರೀಕ್ಷೆಯಲ್ಲಿ ಆಂಟಿಬಾಡಿ ಸಿಕ್ಕರೆ ಕಾರಣ ಹೇಳದೆ ಮನೆಗೆ ಕಳಿಸುತ್ತಾರೆ. ಕರಾವಳಿಯಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋಗುವ ಹುಡುಗರ ವೀಸಾ ಪರೀಕ್ಷೆಯಲ್ಲೂ ಹೆಪಟೈಟಿಸ್ ಸಿ ಸೇರಿದೆ. ಎಚ್.ಐ.ವಿ. ಇದ್ದವರ ಮೇಲೆ ಭೇದ ಮಾಡಕೂಡದೆಂದು ನಮ್ಮಲ್ಲಿ ೨೦೧೭ರಲ್ಲಿ ಕಾನೂನು ಬಂದಿತು. ಈ ರೋಗದವರಿಗೆಂದು ಅಂಥದೊಂದು ಕಾನೂನಿಲ್ಲ. ಹಾಗಿರುವಾಗ ಗುಣವಾದವನಿಗೆ ಇರುವ ರಕ್ಷಣೆ ಆ ಕೊನೆಯ ಕಾಗದವೊಂದೇ. ಇನ್ನೊಂದು ಎಚ್ಚರಿಕೆ: ಒಮ್ಮೆ ಗುಣವಾದವನಿಗೆ ಮತ್ತೆ ಬಾರದೆಂಬ ಭರವಸೆಯಿಲ್ಲ, ಕೊಳಕು ಸೂಜಿ ಚುಚ್ಚಿದರೆ ಮತ್ತೆ ಬರುತ್ತದೆ. ಆಗಲೂ ನೋಡಬೇಕಾದದ್ದು ಆರ್.ಎನ್.ಎ.; ಆಂಟಿಬಾಡಿಯಿಂದ ಏನೂ ತಿಳಿಯದು. ಪ್ಯಾಕೇಜ್ ಎಂದು ಹಣ ಕಿತ್ತು ಗುಣವಾದವರಿಗೆ ಮತ್ತೆ ಮತ್ತೆ ಆಂಟಿಬಾಡಿ ಪರೀಕ್ಷೆ ಮಾಡುವುದು ವ್ಯಾಪಾರವೇ ಹೊರತು ವೈದ್ಯವಲ್ಲ.

ನಾವು ಕೇಳುವುದು ಚಂದ್ರಲೋಕವನ್ನಲ್ಲ. ಗುಳಿಗೆಗೆ ಮುಂಚಿನ ವರದಿ ಮತ್ತು ಕೊನೆಯ ವರದಿ ಇವೆರಡನ್ನೂ ಆಸ್ಪತ್ರೆಯವರು ಕೇಳದೆಯೇ ಕೈಗೆ ಕೊಡಲಿ. ಕೆಳಗೆ ಒಂದೇ ಒಂದು ಸಾಲು ಕನ್ನಡದಲ್ಲಿ ಬರೆಯಲಿ, ವೈರಸ್ಸು ಇದೆ ಅಥವಾ ಇಲ್ಲ, ಸಿರೋಸಿಸ್ ಇದೆ ಅಥವಾ ಇಲ್ಲ. ಆಂಟಿಬಾಡಿ ಸಿಕ್ಕವನನ್ನು ಇನ್ನೊಂದು ದಿನ ಬಾ ಎಂದು ಅಟ್ಟದೆ ಅದೇ ರಕ್ತದಿಂದಲೇ ಆರ್.ಎನ್.ಎ. ಪರೀಕ್ಷೆಯನ್ನೂ ಮಾಡಲಿ, ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಇದನ್ನೇ ಹೇಳಿದೆ. ರಕ್ತ ತೆಗೆಯುವ ಕೋಣೆ ವಾರಕ್ಕೊಂದು ದಿನವಾದರೂ ಮೊದಲ ಪಾಳಿ ಬಿಟ್ಟ ಮೇಲೆ ತೆರೆದಿರಲಿ, ಅಂಗಡಿಯವರಿಗೂ ಅದು ಅನುಕೂಲ.

ಬಂಧುಗಳು ಆ ಎರಡು ಕಾಗದಗಳ ಜೆರಾಕ್ಸ್ ತೆಗೆಸಿ, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲಿ ಒಂದು, ನೆಂಟರ ಮನೆಯಲ್ಲಿ ಒಂದು ಇಡಿರಿ. ಶಾಯಿ ಬೇಗ ಮಾಸುವ ತೆಳು ಕಾಗದವಾದರೆ ಅಂಕಿಗಳನ್ನು ನೋಟುಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಿರಿ. ಓದಿಸಿಕೊಳ್ಳಬೇಕೆಂದರೆ ಸಂಜೆ ನಮ್ಮ ಕಚೇರಿಗೆ ಬನ್ನಿ. ಹೆಸರನ್ನು ನಾವು ಎಲ್ಲೂ ಆಡುವುದಿಲ್ಲ.

ಮಾಲೀಕರಿಗೆ ಒಂದೇ ಮಾತು. ಕೊನೆಯ ಪರೀಕ್ಷೆಯ ದಿನ ಆಸ್ಪತ್ರೆಯ ಚೀಟಿ ತಂದವರಿಗೆ ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಪಗಾರ ಸಹಿತ ಬರೆಯಿರಿ, ಚೀಟಿಯಲ್ಲಿ ರೋಗದ ಹೆಸರು ಕೇಳಬೇಡಿರಿ. ಒಬ್ಬ ಕೆಲಸಗಾರನ ಜೀವಮಾನದಲ್ಲಿ ಅದು ಅರ್ಧ ದಿನದ ಮಾತು. ಒಪ್ಪುವುದಿಲ್ಲವೆನ್ನುವವರು ಯಾವ ಕಾರಣಕ್ಕೆ ಒಪ್ಪುವುದಿಲ್ಲವೆಂಬುದನ್ನು ಬರೆದು ಸಹಿ ಮಾಡಿ ಕಳಿಸಲಿ; ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.